ಹೊಲಿಗೆ ಹಾಕಿದ ರೇಸ್ ಬೆಲ್ಟು

ನಿಮ್ಮ ಪರಿಚಯದವರಲ್ಲಿ ಒಬ್ಬರಿಗಾದರೂ ಇಂಥದ್ದೊಂದು ಹುಚ್ಚು ಇದ್ದೇ ಇರುತ್ತದೆ. ವಾರವೆಲ್ಲ ಮೈ ಮುರಿದು ದುಡಿಯುತ್ತಾರೆ, ಭಾನುವಾರ ಬಂತೆಂದರೆ ಮನೆಯವರ ಕೈಗೆ ಸಿಗುವುದಿಲ್ಲ. ಕೇಳಿದರೆ, "ಮನುಷ್ಯನಿಗೆ ಇಷ್ಟೂ ಬೇಡ್ವಾ?" ಅನ್ನುತ್ತಾರೆ. ಟೇಲರಮ್ಮನ ಗಂಡ ಇದೇ ಪೈಕಿ.

ಅವನ ಕೆಲಸ ಫ್ರಿಜ್ ರಿಪೇರಿ. ಮನೆಯ ಮುಂಭಾಗದ ಕೋಣೆಯಲ್ಲಿ ಹೆಂಡತಿಯ ಎರಡು ಹೊಲಿಗೆ ಮಿಷನ್ನು, ಹಿಂಭಾಗದ ಶೆಡ್ಡಿನಲ್ಲಿ ಇವನ ಹಳೇ ಫ್ರಿಜ್ಜುಗಳು. ಇವೆರಡರ ನಡುವೆ, ತಗಡಿನ ಮಾಡಿನ ಕೆಳಗೆ, ಒಂದು ಕೆಂಪು ಕಾರು. ಹೆಸರಿಗೆ ಮಾತ್ರ ಕಾರು. ಒಳಗೆ ಒಂದೇ ಸೀಟು, ಡ್ರೈವರಿನದು. ಹಿಂದಿನ ಸೀಟು ಕಿತ್ತಾಗಿದೆ, ನೆಲಹಾಸು ಕಿತ್ತಾಗಿದೆ, ಸುತ್ತ ಕಬ್ಬಿಣದ ಕೊಳವೆಗಳ ಪಂಜರ. ತರಕಾರಿ ತರೋಣವೆಂದರೆ ಚೀಲ ಇಡುವುದಕ್ಕೂ ಜಾಗವಿಲ್ಲ.

ಆ ಕಾರು ಹುಟ್ಟಿದ್ದೇ ಬೆಟ್ಟ ಹತ್ತುವುದಕ್ಕೆ. ವರ್ಷಕ್ಕೆ ನಾಲ್ಕು ಭಾನುವಾರ ಊರಾಚೆಯ ಬೆಟ್ಟದ ರಸ್ತೆಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಮುಚ್ಚುತ್ತಾರೆ. ಹವ್ಯಾಸಿಗಳ ಕ್ಲಬ್ಬಿನವರು ಪೊಲೀಸರ ಅನುಮತಿ ತೆಗೆದುಕೊಂಡಿರುತ್ತಾರೆ. ಬುಡದಿಂದ ತುದಿಯವರೆಗೆ ನಾಲ್ಕು ಕಿಲೋಮೀಟರು, ಹನ್ನೊಂದು ತಿರುವು. ಒಂದು ಸಲಕ್ಕೆ ಒಂದೇ ಕಾರು, ಪಕ್ಕದಲ್ಲಿ ಎದುರಾಳಿ ಇಲ್ಲ, ಎದುರಾಳಿ ಅಂದರೆ ಗಡಿಯಾರ. ಗೆದ್ದವರಿಗೆ ಒಂದು ಕಪ್ಪು, ಒಂದಷ್ಟು ಚಪ್ಪಾಳೆ. ಟೇಲರಮ್ಮನ ಮನೆಯಲ್ಲಿ ಅಂಥ ಎರಡು ಕಪ್ಪುಗಳಿದ್ದವು. ಒಂದರಲ್ಲಿ ಅವಳು ಗುಂಡಿ ಹಾಕಿಟ್ಟಿದ್ದಳು, ಇನ್ನೊಂದರಲ್ಲಿ ಸೀಮೆಸುಣ್ಣ.

ಟೇಲರಮ್ಮ ಒಂದು ದಿನವೂ ರೇಸ್ ನೋಡಲು ಹೋದವಳಲ್ಲ. ಆ ಭಾನುವಾರಗಳಲ್ಲಿ ಮನೆಯಲ್ಲೇ ಕೂತು ಹೊಲಿಯುತ್ತಿದ್ದಳು, ಗಂಡನ ಫೋನು ಬರುವವರೆಗೆ ಒಂದು ತೊಟ್ಟು ನೀರೂ ಇಳಿಯುತ್ತಿರಲಿಲ್ಲ. ಹೋಗುತ್ತಿದ್ದದ್ದು ಅವಳ ಅತ್ತೆ. ಎಪ್ಪತ್ತೆರಡು ವಯಸ್ಸು, ಮಂಡಿ ನೋವು, ಆದರೂ ಮಡಚುವ ಕುರ್ಚಿ ಹಿಡಿದು ಎಲ್ಲರಿಗಿಂತ ಮೊದಲು ಹೊರಟು ನಿಲ್ಲುತ್ತಿದ್ದರು.

"ಅತ್ತೆ, ನೀವಾದ್ರೂ ನಿಮ್ಮ ಮಗನಿಗೆ ಬುದ್ಧಿ ಹೇಳಬಾರದಾ?" ಎಂದು ಸೊಸೆ ಕೇಳಿದರೆ ಸಿಗುವ ಉತ್ತರ ಒಂದೇ.

"ಹೇಳ್ತೀನಿ ಕಣೇ, ಪ್ರತಿ ಸಲಾನೂ ಹೇಳ್ತೀನಿ. ಎರಡನೇ ತಿರುವಲ್ಲಿ ಗೇರ್ ಬೇಗ ಇಳಿಸ್ತಾನೆ ಅವನು. ಎಷ್ಟು ಬಡ್ಕೊಂಡ್ರೂ ಕೇಳಲ್ಲ!"

ಇಂಥ ಮನೆಯಲ್ಲಿ ಆ ವರ್ಷದ ಮೂರನೇ ರೇಸಿಗೆ ಹತ್ತು ದಿನ ಇದೆ ಎನ್ನುವಾಗ ಗಂಡ ಎರಡು ಹೊಸ ಟೈರು ಹೊತ್ತುಕೊಂಡು ಬಂದ. ಮೆತ್ತಗಿನ ರಬ್ಬರಿನ ರೇಸ್ ಟೈರು. ಮುಖದಲ್ಲಿ ಕಳ್ಳ ನಗು.

"ಮತ್ತೆ ಟೈರಾ? ರೀ, ಹೋದ ವರ್ಷದ್ದು ಏನಾಯ್ತು?"

"ಅದೂ ಚೆನ್ನಾಗೇ ಇದೆ. ಆದ್ರೆ ಇದು ಹಾಕಿದ್ರೆ ಮೂರು ಸೆಕೆಂಡ್ ಉಳಿಯುತ್ತೆ ಕಣೇ."

"ಮೂರು ಸೆಕೆಂಡ್ ಉಳಿಸಿ ಏನ್ ಮಾಡ್ತೀರಿ? ಬ್ಯಾಂಕಿಗೆ ಹಾಕ್ತೀರಾ?"

ಅವನು ಹಲ್ಲು ಕಿರಿದ. ಆಮೇಲೆ ತಲೆ ಕೆರೆದುಕೊಂಡು, "ಒಂದು ಸಣ್ಣ ತೊಂದರೆ ಇದೆ," ಎಂದು ಕಾರಿನೊಳಗಿನಿಂದ ಬೆಲ್ಟು ಬಿಚ್ಚಿ ತಂದ.

ರೇಸ್ ಕಾರಿನ ಬೆಲ್ಟು ನಮ್ಮ ನಿಮ್ಮ ಕಾರಿನ ಬೆಲ್ಟಿನ ಹಾಗಲ್ಲ. ಹೆಗಲ ಮೇಲೆ ಎರಡು, ಸೊಂಟಕ್ಕೆ ಎರಡು, ತೊಡೆಸಂದಿಗೆ ಎರಡು, ಒಟ್ಟು ಆರು ಅಗಲವಾದ ಪಟ್ಟಿ. ಎಲ್ಲ ಬಂದು ಹೊಟ್ಟೆಯ ಮೇಲಿನ ಒಂದೇ ಬೀಗಕ್ಕೆ ಸೇರುತ್ತವೆ. ಈ ಬೆಲ್ಟನ್ನು ಗಂಡ ಎರಡು ವರ್ಷದ ಹಿಂದೆ ಹಾಲಿನ ಡೈರಿಯವನ ಹತ್ತಿರ ಅಗ್ಗಕ್ಕೆ ಕೊಂಡಿದ್ದ. ಡೈರಿಯವನೂ ಬೆಟ್ಟ ಹತ್ತುವವನೇ. ಅವನ ಕಾರು ಒಂದು ಸಲ ಪಲ್ಟಿ ಹೊಡೆದು, ಅವನು ಈ ಬೆಲ್ಟಿನಿಂದಲೇ ಮೈ ಕೈ ತರಚದೆ ಹೊರಗೆ ಬಂದಿದ್ದ. ಅದಕ್ಕೇ ಎಲ್ಲರೂ ಅದನ್ನು 'ಅದೃಷ್ಟದ ಬೆಲ್ಟು' ಎನ್ನುತ್ತಿದ್ದರು.

ಈಗ ಅದರ ಹೆಗಲ ಪಟ್ಟಿಯಲ್ಲಿ ಹೊಲಿಗೆ ಬಿಟ್ಟಿತ್ತು. ಬಣ್ಣ ಮಾಸಿತ್ತು, ಅಲ್ಲಲ್ಲಿ ಆಯಿಲ್ ಕಲೆ.

"ಈ ಸಲ ತಪಾಸಣೆ ಟಾರ್ಚಮ್ಮಂದಂತೆ, ನೋಡಿದ್ರೆ ಬಿಡಲ್ಲ," ಎಂದ ಗಂಡ. "ಹೊಸಾದು ತಗೊಳ್ಳೋಣ ಅಂದ್ರೆ ಈ ಎರಡು ಟೈರಿನಷ್ಟೇ ರೇಟು. ಟೈರಂತೂ ತಂದಾಯ್ತು."

"ಹೊಲಿಗೆ ತಾನೇ ಬಿಟ್ಟಿರೋದು?" ಟೇಲರಮ್ಮ ಬೆಲ್ಟನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿ ನೋಡಿದಳು. "ಟೇಲರ್ ಹೆಂಡತಿಯನ್ನ ಮನೇಲಿಟ್ಕೊಂಡು ಹೊಲಿಗೆಗೆ ಚಿಂತೆ ಮಾಡ್ತಾರೇನ್ರೀ? ಕೊಡಿ ಇಲ್ಲಿ."

ಅವಳ ಹೊಲಿಗೆಯೆಂದರೆ ಸುಮ್ಮನೆ ಅಲ್ಲ. ಲಾರಿಯ ಟಾರ್ಪಾಲು, ಕೂಲಿಯವರ ಬೆನ್ನಚೀಲ, ಸರ್ಕಸ್ಸಿನವರ ಡೇರೆ, ಎಲ್ಲ ಅವಳ ಮಿಷನ್ನಿನ ಕೆಳಗೆ ಹೋಗಿ ಬಂದವೇ. ಇಪ್ಪತ್ತು ವರ್ಷದಲ್ಲಿ ಅವಳ ಹೊಲಿಗೆ ಬಿಚ್ಚಿತೆಂದು ಒಬ್ಬರೂ ವಾಪಸ್ಸು ಬಂದಿರಲಿಲ್ಲ. ಅವತ್ತು ಅವಳು ದಪ್ಪ ಸೂಜಿ ಹಾಕಿದಳು, ಚಪ್ಪಲಿ ಹೊಲಿಯುವ ನೈಲಾನ್ ದಾರ ಏರಿಸಿದಳು. ಮೊದಲು ಬೆಲ್ಟನ್ನು ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲಿ ನೆನೆಸಿ ಕಲೆ ತೆಗೆದಳು. ಮಹಡಿಯ ಮೇಲೆ ಎರಡು ದಿನ ಉರಿಬಿಸಿಲಿಗೆ ಒಣಗಿಸಿದಳು. ಆಮೇಲೆ ಹೆಗಲ ಪಟ್ಟಿಗಳ ಮೇಲೆ ಅಡ್ಡಡ್ಡ ಒಂದಲ್ಲ ಎರಡಲ್ಲ, ನಾಲ್ಕು ಸಾಲು ಹೊಲಿಗೆ ಹಾಕಿದಳು. ಒತ್ತೊತ್ತಾಗಿ, ಗೆರೆ ಎಳೆದಷ್ಟು ನೇರ.

ಹೊಲಿಯುತ್ತ ಅವಳಿಗೆ ಮನಸ್ಸು ಹಗುರವಾಯಿತು. ಇಷ್ಟು ವರ್ಷ ಅವನ ಹುಚ್ಚಿಗೆ ಅವಳು ಬೈದದ್ದೇ ಹೊರತು, ಅವನ ಜೀವಕ್ಕೆ ತನ್ನ ಕೈಯಿಂದ ಏನೂ ಮಾಡಲಾಗದೆ ಕೂತಿದ್ದಳು. ಈಗ ಅವನು ಬೆಟ್ಟ ಹತ್ತುವಾಗ ಅವನನ್ನು ಹಿಡಿದಿಟ್ಟುಕೊಳ್ಳುವುದು ತನ್ನ ಹೊಲಿಗೆ. ಸಂತೋಷಕ್ಕೆ ಅವಳು ಕಾರಿಗೆ ಬಳಿದು ಉಳಿದ ಕೆಂಪು ಬಣ್ಣದಲ್ಲಿ ಬೆಲ್ಟಿಗೆ ಬಣ್ಣವನ್ನೂ ಕೊಟ್ಟುಬಿಟ್ಟಳು.

ಗಂಡನಿಗಂತೂ ಬೆಲ್ಟು ನೋಡಿ ಬಾಯಿ ಮುಚ್ಚಲಾಗಲಿಲ್ಲ. "ಕಂಪನಿಯವರೂ ಹೀಗೆ ಹೊಲಿದಿರಲಿಲ್ಲ ಕಣೇ!"

ಶುಕ್ರವಾರ ಕ್ಲಬ್ಬಿನ ಅಂಗಳದಲ್ಲಿ ಕಾರುಗಳ ತಪಾಸಣೆ. ಅವತ್ತು ಮೊದಲ ಸಲ ಟೇಲರಮ್ಮನೂ ಗಂಡನ ಜೊತೆ ಹೋದಳು. ಹೋದದ್ದು ಕಾರು ನೋಡುವುದಕ್ಕಲ್ಲ, ನಾಲ್ಕು ಜನರ ಬಾಯಲ್ಲಿ ಹೊಲಿಗೆಯ ಹೊಗಳಿಕೆ ಕೇಳುವುದಕ್ಕೆ. ಇದರಲ್ಲಿ ತಪ್ಪೇನಿದೆ?

ತಪಾಸಣೆ ಮಾಡುವ ಹೆಂಗಸಿಗೆ ಎಲ್ಲರೂ ಟಾರ್ಚಮ್ಮ ಅನ್ನುತ್ತಿದ್ದರು. ಹಗಲು ಹನ್ನೆರಡು ಗಂಟೆಗೂ ಕೈಯಲ್ಲಿ ಟಾರ್ಚು. ಇಪ್ಪತ್ತಾರು ವರ್ಷ ಆಂಬುಲೆನ್ಸ್ ಓಡಿಸಿ ನಿವೃತ್ತಿಯಾದವಳು, ಈ ರೇಸಿನಿಂದ ಕ್ಲಬ್ಬಿನಲ್ಲಿ ಸಂಬಳವಿಲ್ಲದೆ ಈ ಕೆಲಸ. ಅವಳು ಕಾರಿನೊಳಗೆ ಅರ್ಧ ದೇಹ ತೂರಿಸಿ, ಪಂಜರದ ಬೋಲ್ಟು ತಟ್ಟಿ, ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ನೋಡಿ, "ಹೂಂ, ಹೂಂ" ಅನ್ನುತ್ತ ಬಂದಳು. ಬೆಲ್ಟಿನ ಹತ್ತಿರ ಬಂದಾಗ ಹೂಂಗುಟ್ಟುವುದು ನಿಂತಿತು.

"ಇದನ್ನ ಹೊಲಿದಿದ್ದು ಯಾರು?"

"ನಾನೇ!" ಟೇಲರಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ತುಂಬ ಚೆನ್ನಾಗಿ ಹೊಲಿದಿದೀಯಮ್ಮಾ," ಎಂದಳು ಟಾರ್ಚಮ್ಮ. "ಈ ಬೆಲ್ಟ್ ಹಾಕ್ಕೊಂಡು ಬೆಟ್ಟ ಹತ್ತೋಕೆ ನಾನು ಬಿಡಲ್ಲ." ಅಂದವಳೇ ಕಾಗದದ ಮೇಲೆ ಅಡ್ಡ ಗೆರೆ ಎಳೆದು ಮುಂದಿನ ಕಾರಿಗೆ ಹೋದಳು.

ಅಂಗಳದಲ್ಲಿ ಇಪ್ಪತ್ತು ಜನ ನೋಡುತ್ತಿದ್ದರು. ಟೇಲರಮ್ಮನ ಮುಖ ಕೆಂಪಗಾಯಿತು. "ಮೇಡಂ, ಒಂದು ನಿಮಿಷ! ನನ್ನ ಹೊಲಿಗೆಯಲ್ಲಿ ಏನು ತಪ್ಪಿದೆ ಅಂತ ತೋರಿಸಿ ಹೋಗಿ!"

"ಹೊಲಿಗೇಲಿ ತಪ್ಪಿಲ್ಲಮ್ಮಾ. ಹೊಲಿದಿದ್ದೇ ತಪ್ಪು."

ಈ ಮಾತಿಗಂತೂ ಅವಳಿಗೆ ಮೈಯೆಲ್ಲ ಉರಿದುಹೋಯಿತು. ದಾರಿಯುದ್ದಕ್ಕೂ ಗಂಡನಿಗೆ ಪಾಠ. "ಆ ಯಮ್ಮನಿಗೆ ಸೂಜಿಗೆ ದಾರ ಪೋಣಿಸೋಕೆ ಬರುತ್ತಾ ಕೇಳಿ! ಅಂಗಡಿಯವರ ಜೊತೆ ಒಳಗೊಳಗೇ ಮಾತಾಗಿರುತ್ತೆ, ಹೊಸ ಬೆಲ್ಟ್ ಮಾರಿಸೋಕೆ!" ಗಂಡ ಕಾರು ಹೇರಿದ ಬಾಡಿಗೆ ಲಾರಿ ಓಡಿಸುತ್ತಲೇ ಇದ್ದ. ಅವನಿಗೆ ತನ್ನದೇ ಚಿಂತೆ. ಭಾನುವಾರಕ್ಕೆ ಇನ್ನು ಎರಡೇ ದಿನ. ಪ್ರವೇಶದ ದುಡ್ಡು ಕಟ್ಟಿಯಾಗಿದೆ. ಬೆಲ್ಟಿಲ್ಲದೆ ಕಾರು ಸ್ಟಾರ್ಟ್ ಗೆರೆಗೇ ಬರುವಂತಿಲ್ಲ.

ಮನೆಗೆ ಬಂದ ಮೇಲೆ ಅವನು ಮೆಲ್ಲಗೆ ಇನ್ನೊಂದು ಮಾತು ತೆಗೆದ. "ಹೇಗೂ ನಾಳೆ ಬೆಳಿಗ್ಗೆ ರಸ್ತೆ ಖಾಲಿ ಇರುತ್ತೆ. ಈ ಬೆಲ್ಟಲ್ಲೇ ಒಂದು ಸಲ ಹತ್ತಿ ಇಳಿದು ಬಂದ್ಬಿಟ್ರೆ, ಬೆಲ್ಟ್ ಗಟ್ಟಿಯಾಗಿದೆ ಅಂತ ಅವಳಿಗೂ ಗೊತ್ತಾಗುತ್ತೆ..."

ಕುರ್ಚಿಯಲ್ಲಿ ಕೂತಿದ್ದ ಅವನ ಅಮ್ಮ ಒಮ್ಮೆಲೇ ಎದ್ದು ನಿಂತರು. "ಬಾಯ್ಮುಚ್ಚು! ಮುಚ್ಚದೇ ಇರೋ ರಸ್ತೇಲಿ ರೇಸ್ ಓಡಿಸ್ತಾನಂತೆ! ಎದುರಿಗೆ ಹಾಲಿನ ಗಾಡಿ ಬಂದ್ರೆ? ಸೈಕಲ್ಲಲ್ಲಿ ಯಾರಾದ್ರೂ ಬಂದ್ರೆ? ಅವರ ಮನೇಲೂ ಅಮ್ಮ ಇರ್ತಾಳೆ ಕಣೋ! ಹಂಗೇನಾದ್ರೂ ಮಾಡಿದ್ರೆ ನಾನೇ ನಿನ್ನ ಕಾರಿನ ಬೀಗದ ಕೈ ಬಾವಿಗೆ ಎಸೀತೀನಿ."

ಅತ್ತೆ ಅಷ್ಟು ಜೋರಾಗಿ ಮಾತಾಡಿದ್ದನ್ನು ಟೇಲರಮ್ಮ ಕೇಳಿಯೇ ಇರಲಿಲ್ಲ. ಗಂಡ ತಲೆ ತಗ್ಗಿಸಿಕೊಂಡು ಶೆಡ್ಡಿಗೆ ಹೋದ.

ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದ ಹಾಗೆ ಬಂದಳು ಟಾರ್ಚಮ್ಮ. ಕಂಕುಳಲ್ಲಿ ಒಂದು ಚೀಲ.

"ಜಗಳ ಆಡೋಕೆ ಬಂದ್ರಾ ಮೇಡಂ?" ಟೇಲರಮ್ಮ ಮೂಗು ಮುರಿದಳು.

"ಒಂದು ಲೋಟ ಟೀ ಕುಡಿಯೋಕೆ ಬಂದೆ. ಕೊಟ್ರೆ ಕುಡೀತೀನಿ, ಕೊಡ್ದಿದ್ರೆ ಜಗಳ ಆಡ್ತೀನಿ." ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟಳು. "ನೋಡಮ್ಮಾ, ನಿನ್ನೆ ಅಷ್ಟು ಜನರ ಮುಂದೆ ನಿನಗೆ ಹಾಗೆ ಅನ್ನಬಾರದಿತ್ತು. ಅದು ನನ್ನ ತಪ್ಪು. ಆದ್ರೆ ಅಂದ ಮಾತು ಸುಳ್ಳಲ್ಲ. ನಿಮ್ಮ ಯಜಮಾನ್ರು ಎಷ್ಟು ತೂಕ?"

"ಎಂಬತ್ತು ಕೇಜಿ ಇರಬಹುದು. ಸುಮ್ಮನೆ ಕೂತು ತಿಂದಿದ್ದು."

"ಆ ಎಂಬತ್ತು ಕೇಜಿ ವೇಗದಲ್ಲಿ ಹೋಗಿ ಗುದ್ದಿದಾಗ ಬೆಲ್ಟಿನ ಮೇಲೆ ಎಂಬತ್ತು ಕೇಜಿ ಬೀಳಲ್ಲ. ಟನ್ ಲೆಕ್ಕದಲ್ಲಿ ಬೀಳುತ್ತೆ. ಬೆಲ್ಟು ಆಗ ಸ್ವಲ್ಪ ಹಿಗ್ಗಿ, ಆ ಏಟನ್ನ ತಾನು ತಿಂದು, ಮನುಷ್ಯನ್ನ ಉಳಿಸುತ್ತೆ. ಒಂದೇ ಸಲ. ಒಂದು ಸಲ ತಿಂದ ಮೇಲೆ ಅದರ ಶಕ್ತಿ ಮುಗೀತು. ನಿಮ್ಮದು ಡೈರಿಯವನ ಕಾರು ಪಲ್ಟಿಯಾದಾಗ್ಲೇ ಮುಗಿದಿತ್ತು."

"ಅದು ಅದೃಷ್ಟದ ಬೆಲ್ಟು," ಎಂದ ಗಂಡ, ಬಾಗಿಲಲ್ಲಿ ನಿಂತು.

"ಅದೃಷ್ಟ ಇದ್ದಿದ್ದು ಡೈರಿಯವನಿಗೆ. ಅವನು ಬಳಸಿಕೊಂಡಾಯ್ತು." ಟಾರ್ಚಮ್ಮ ಮಿಷನ್ನಿನ ಮೇಲಿದ್ದ ಬೆಲ್ಟಿನ ತುದಿ ತಿರುಗಿಸಿ ಒಂದು ಪುಟ್ಟ ಬಟ್ಟೆಚೀಟಿ ತೋರಿಸಿದಳು. ಕೆಂಪು ಬಣ್ಣದ ಕೆಳಗೆ ಮಸುಕಾಗಿ ಒಂದು ಇಸವಿ. "ಔಷಧಿ ಬಾಟ್ಲಿ ಮೇಲೆ ಇರುತ್ತಲ್ಲ, ಹಾಗೇ ಇದಕ್ಕೂ ಅವಧಿ ಇದೆ. ಇದು ಮುಗಿದು ಮೂರು ವರ್ಷ ಆಯ್ತು. ಬಿಸಿಲು ಬಿದ್ದು ಬಿದ್ದು ನೂಲು ಒಳಗೇ ಸಾಯುತ್ತೆ. ಬ್ಲೀಚಿಂಗ್ ಹಾಕಿದ್ರೆ ಇನ್ನೂ ಬೇಗ ಸಾಯುತ್ತೆ."

ಬ್ಲೀಚಿಂಗ್ ಎಂದದ್ದೇ ಟೇಲರಮ್ಮ ಮೂಲೆಯಲ್ಲಿದ್ದ ಬ್ಲೀಚಿಂಗ್ ಡಬ್ಬಿಯನ್ನು ಕಾಲಿನಿಂದ ಮಿಷನ್ನಿನ ಕೆಳಗೆ ತಳ್ಳಿದಳು. ಆದರೆ ಸೋಲು ಒಪ್ಪುವವಳೇ ಅವಳು? "ಅದಕ್ಕೇ ತಾನೇ ನಾಲ್ಕು ಸಾಲು ಹೊಲಿದಿದ್ದು? ನನ್ನ ಹೊಲಿಗೆ ಬಿಚ್ಚಲ್ಲ ಮೇಡಂ. ಬೇಕಾದ್ರೆ ಆನೆ ಕಟ್ಟಿ ಎಳೆಸಿ."

"ಆನೆ ಇಲ್ಲ. ನಿಮ್ಮ ಶೆಡ್ಡಲ್ಲಿ ಚೈನ್ ಪುಲ್ಲಿ ಇದೆಯಲ್ಲ?"

ಇತ್ತು. ಹೋಟೆಲುಗಳ ದೊಡ್ಡ ದೊಡ್ಡ ಫ್ರೀಜರುಗಳನ್ನು ಎತ್ತುವುದಕ್ಕೆಂದು ಗಂಡ ಕಬ್ಬಿಣದ ತೊಲೆಗೆ ಚೈನ್ ಪುಲ್ಲಿ ನೇತುಹಾಕಿದ್ದ. ನೆಲದ ಸಿಮೆಂಟಿನಲ್ಲಿ ಒಂದು ದಪ್ಪ ಕಬ್ಬಿಣದ ಬಳೆಯೂ ಹೂತಿತ್ತು. ಟಾರ್ಚಮ್ಮ ಚೀಲದಿಂದ ಒಂದು ತುಂಡು ಬೆಲ್ಟು ತೆಗೆದಳು. ಅವಧಿಯೊಳಗಿನ ಒಳ್ಳೆಯ ಬೆಲ್ಟು, ಯಾರೋ ಉದ್ದ ಹೆಚ್ಚಾಯಿತೆಂದು ಕತ್ತರಿಸಿ ಕೊಟ್ಟದ್ದು. ಅದರ ಒಂದು ತುದಿ ಪುಲ್ಲಿಯ ಕೊಕ್ಕೆಗೆ, ಇನ್ನೊಂದು ನೆಲದ ಬಳೆಗೆ. ಮೇಲೆ ಒಂದು ದಪ್ಪ ಕಂಬಳಿ ಹೊದಿಸಿ, ಪುಲ್ಲಿಯ ಸರಪಳಿಯನ್ನು ಬಾಗಿಲಾಚೆ ಎಳೆದುಕೊಂಡು, ಎಲ್ಲರನ್ನೂ ಗೋಡೆಯ ಆಚೆ ನಿಲ್ಲಿಸಿದಳು. "ಕಿತ್ತು ಬಂದ್ರೆ ಮುಖಕ್ಕೆ ಹೊಡೆಯುತ್ತೆ. ಈ ಥರ ಆಟ ನಾನಿಲ್ಲದಾಗ ಆಡಬೇಡಿ. ಎಳಿ ಟೇಲರಮ್ಮಾ, ನೀನೇ ಎಳಿ."

ಟೇಲರಮ್ಮ ಸರಪಳಿ ಎಳೆದಳು. ಬೆಲ್ಟು ಬಿಗಿಯಾಯಿತು, ಇನ್ನೂ ಬಿಗಿಯಾಯಿತು. ಕೊನೆಗೆ ಅವಳ ಕೈಯಲ್ಲಿ ಆಗಲಿಲ್ಲ, ಗಂಡ ಕೈ ಸೇರಿಸಿದ. ಮೇಲಿನ ತೊಲೆ ಕಿರ್ ಎಂದಿತು, ಬೆಲ್ಟಿಗೆ ಏನೂ ಆಗಲಿಲ್ಲ. "ಸಾಕು, ಮನೆ ಬೀಳುತ್ತೆ," ಎಂದರು ಅತ್ತೆ.

ಈಗ ಕೆಂಪು ಬೆಲ್ಟಿನ ಸರದಿ. ನಾಲ್ಕು ಸಾಲು ಹೊಲಿಗೆ ಹಾಕಿದ ಹೆಗಲ ಪಟ್ಟಿಯನ್ನೇ ಸಿಕ್ಕಿಸಿದರು. ಟೇಲರಮ್ಮ ಒಬ್ಬಳೇ ಎಳೆದಳು. ಬಿಗಿಯಾಯಿತು. ಅವಳ ಮುಖದಲ್ಲಿ ಸಣ್ಣಗೆ ನಗು ಮೂಡಿತು. ಇನ್ನೊಂದು ಮೊಳ ಸರಪಳಿ ಎಳೆದಳು, ಅಷ್ಟೇ. ಟಪ್! ಕಂಬಳಿ ಹಾರಿ ಫ್ರಿಜ್ಜಿನ ಮೇಲೆ ಬಿತ್ತು.

ಟೇಲರಮ್ಮ ಹೋಗಿ ಬೆಲ್ಟಿನ ಎರಡು ತುಂಡು ಎತ್ತಿಕೊಂಡಳು. ಅವಳು ಹೇಳಿದ್ದು ನಿಜ, ಹೊಲಿಗೆ ಬಿಚ್ಚಿರಲಿಲ್ಲ. ಒಂದು ದಾರವೂ ಕಿತ್ತಿರಲಿಲ್ಲ. ಹರಿದದ್ದು ಹೊಲಿಗೆಯ ಪಕ್ಕದಲ್ಲಿ, ಸೂಜಿ ಚುಚ್ಚಿದ ತೂತುಗಳ ಸಾಲಿನಲ್ಲಿ, ರಸೀದಿ ಪುಸ್ತಕದ ಹಾಳೆ ಹರಿದುಕೊಳ್ಳುವ ಹಾಗೆ ನೇರವಾಗಿ.

ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ. ತೂತು ಒತ್ತಾದರೆ ಬಟ್ಟೆ ಅಲ್ಲೇ ಹರಿಯುತ್ತದೆ ಎನ್ನುವುದು ಟೇಲರ್ ಕೆಲಸದ ಮೊದಲ ವರ್ಷದ ಪಾಠ. ಅದನ್ನು ಎಷ್ಟು ಹುಡುಗಿಯರಿಗೆ ಅವಳೇ ಕಲಿಸಿದ್ದಾಳೆ. ಗಂಡನ ಜೀವ ಉಳಿಸುತ್ತೇನೆಂದುಕೊಂಡು, ಅವನ ಹೆಗಲ ಮೇಲೆ ಎಲ್ಲಿ ಹರಿಯಬೇಕೆಂದು ತಾನೇ ಗೆರೆ ಎಳೆದು ಕೊಟ್ಟಿದ್ದಳು. ಅಲ್ಲೇ ಒಂದು ಹಳೇ ಕಂಪ್ರೆಸರಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಅಳಬೇಡ್ವೇ," ಎಂದ ಗಂಡ. "ತಪ್ಪು ನಂದು. ಟೈರಿಗೆ ದುಡ್ಡಿತ್ತು, ಬೆಲ್ಟಿಗೆ ಇರಲಿಲ್ಲ ಅಂದ್ನಲ್ಲ, ಆ ಬುದ್ಧಿ ನಂದು."

"ಇದು ನಿಮ್ಮಿಬ್ಬರದೇ ತಪ್ಪಲ್ಲ," ಎಂದಳು ಟಾರ್ಚಮ್ಮ. "ಎಲ್ಲರೂ ಇದೇ ಮಾಡ್ತಾರೆ. ಇಂಜಿನ್ನಿಗೆ ಕೈ ಬಿಚ್ಚಿ ಖರ್ಚು ಮಾಡ್ತಾರೆ, ಹೆಲ್ಮೆಟ್ಟು, ಬೆಲ್ಟು ಅಂದ ತಕ್ಷಣ ಜಿಪುಣರಾಗ್ತಾರೆ. ನನ್ನ ಆಂಬುಲೆನ್ಸು ಈ ಬೆಟ್ಟ ಎಷ್ಟು ಸಲ ಹತ್ತಿದೆ ಗೊತ್ತಾ? ಅದರೊಳಗೆ ಮಲಗಿ ಇಳಿದೋರು ಯಾರೂ ನನ್ನ ಹತ್ರ, ಮೇಡಂ ಎಷ್ಟು ಸೆಕೆಂಡ್ ಆಯ್ತು ಅಂತ ಕೇಳ್ಲಿಲ್ಲ."

ಟೇಲರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಹಾಗಾದ್ರೆ ಅಕ್ಕಾ, ಇವರು ರೇಸೇ ಬಿಟ್ಟುಬಿಡ್ಲಿ ಅಂತೀರಾ?"

"ಅಯ್ಯೋ, ನಾನ್ಯಾಕೆ ಹಾಗಂತೀನಿ? ನಲವತ್ತನೇ ವಯಸ್ಸಲ್ಲಿ ನಾನೂ ಹತ್ತಿದೀನಿ. ಅದರ ರುಚಿ ನನಗೂ ಗೊತ್ತು. ಹತ್ತಲಿ. ಲಕ್ಷಣವಾಗಿ ಕಟ್ಟಿಕೊಂಡು ಹತ್ತಲಿ."

ಮೆತ್ತನೆ ಟೈರುಗಳು ಇನ್ನೂ ಕಾರಿಗೆ ಏರಿರಲಿಲ್ಲ, ಮೇಲಿನ ಕಾಗದ ಕೂಡ ಬಿಚ್ಚಿರಲಿಲ್ಲ. ಗಂಡ ಅವನ್ನು ಹೊತ್ತುಕೊಂಡು ಅಂಗಡಿಗೆ ಹೋದ. ಹೋಗುವಾಗ ಒಂದು ಸಲ ಟೈರನ್ನು ಸವರಿದ್ದನ್ನು ಟೇಲರಮ್ಮ ನೋಡಿಯೂ ನೋಡದವಳ ಹಾಗಿದ್ದಳು. ಅಂಗಡಿಯವನು ಗೊಣಗಿಕೊಂಡೇ ವಾಪಸ್ಸು ತೆಗೆದುಕೊಂಡ. ಸಂಜೆ ಹೊತ್ತಿಗೆ ಹೊಸ ಬೆಲ್ಟು ಕಾರಿನಲ್ಲಿತ್ತು. ನೀಲಿ ಬಣ್ಣ, ಚೀಟಿಯ ಮೇಲೆ ಇನ್ನೂ ಐದು ವರ್ಷದ ಅವಧಿ.

ಭಾನುವಾರ ಮನೆಯಲ್ಲಿ ಒಂಟಿಯಾಗಿ ಕೂರುವುದು ಟೇಲರಮ್ಮನಿಂದ ಆಗಲಿಲ್ಲ. ಅತ್ತೆಯ ಕುರ್ಚಿ ಹಿಡಿದು ಅವಳೂ ಹೊರಟಳು. ಏಳನೆಯ ತಿರುವಿನ ಮೇಲೆ, ಹಗ್ಗ ಕಟ್ಟಿದ ದಿಬ್ಬದಲ್ಲಿ ಪ್ರೇಕ್ಷಕರ ಜಾಗ. ಅಲ್ಲಿ ರಸ್ತೆ ಪೂರ್ತಿ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ತಿರುವಿನ ಹೊರಗೆ ಹಳೇ ಟೈರುಗಳ ಗೋಡೆ.

ಮೊದಲು ಕೆಳಗೆಲ್ಲೋ ಜೇನು ಗುಂಯ್ಗುಟ್ಟಿದ ಹಾಗೆ ಕೇಳಿಸಿತು. ಮರಗಳ ಹಿಂದೆ ಶಬ್ದ ಏರಿತು, ಇಳಿಯಿತು, ಮತ್ತೆ ಏರಿತು. "ಬಂದ ಕಣೇ!" ಅತ್ತೆ ಅವಳ ತೋಳು ಹಿಡಿದರು. ಕೆಂಪು ಕಾರು ತಿರುವಿನೊಳಗೆ ನುಗ್ಗಿತು, ಬಾಲ ಒಂದಿಷ್ಟು ಪಕ್ಕಕ್ಕೆ ಜಾರಿತು, ಮತ್ತೆ ನೇರವಾಯಿತು, ಕಲ್ಲು ಚಿಮ್ಮಿಸಿಕೊಂಡು ಮೇಲೆ ಹೋಗಿ ಮಾಯವಾಯಿತು. ಎಲ್ಲ ಸೇರಿ ನಾಲ್ಕು ಸೆಕೆಂಡೂ ಇಲ್ಲ. ಟೇಲರಮ್ಮನಿಗೆ ಗೊತ್ತಾಗುವಷ್ಟರಲ್ಲಿ ಅವಳೇ ಕಿರುಚಿ ಕುಣಿಯುತ್ತಿದ್ದಳು. "ಅತ್ತೆ, ನಮ್ಮವರೇ! ನೋಡಿದ್ರಾ, ನಮ್ಮವರೇ!" ಹದಿನೆಂಟು ವರ್ಷದಿಂದ ಫ್ರಿಜ್ಜಿನ ಗ್ಯಾಸು ತುಂಬಿಸುತ್ತಿದ್ದ ಆ ಮನುಷ್ಯ ಹೀಗೂ ಇರಬಲ್ಲನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಊಟದ ವಿರಾಮದಲ್ಲಿ ಅವನು ಹೆಲ್ಮೆಟ್ ತೆಗೆದು ಬಂದಾಗ ಮುಖ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. "ಹತ್ತೋವಾಗ ತಲೇಲಿ ಏನೂ ಇರಲ್ಲ ಕಣೇ. ಯಾರ ಫ್ರಿಜ್ ಕೆಟ್ಟಿದೆ, ಯಾರು ಬೈದ್ರು, ಏನೂ ಇಲ್ಲ. ಮುಂದಿನ ತಿರುವು ಒಂದೇ. ಹಳೇ ಟೈರಲ್ಲೂ ಹೋದ ಸಲಕ್ಕಿಂತ ಒಂದು ಸೆಕೆಂಡ್ ಬೇಗ ಬಂದೆ!"

ಮಧ್ಯಾಹ್ನದ ಓಟದಲ್ಲಿ ಅವನಿಗೆ ಆಸೆ ಹೆಚ್ಚಾಯಿತು. ಏಳನೆಯ ತಿರುವಿಗೆ ಬೆಳಿಗ್ಗೆಗಿಂತ ಜೋರಾಗಿ ಬಂದ. ಬ್ರೇಕು ಒಂದು ಚೂರು ತಡವಾಯಿತು. ಕಾರು ತಿರುಗಲೇ ಇಲ್ಲ. ನೇರ ಹೋಗಿ ಟೈರಿನ ಗೋಡೆಗೆ ಗುದ್ದಿತು. ಆ ಸದ್ದಿಗೆ ದಿಬ್ಬದ ಮೇಲಿನ ಜನ ಒಮ್ಮೆಲೇ ಎದ್ದು ನಿಂತರು. ಕೆಂಪು ಬಾವುಟ ಮೇಲೆ ಹೋಯಿತು.

ಟೇಲರಮ್ಮ ಹಗ್ಗ ದಾಟಲು ಹೋದಳು. ಅತ್ತೆ ಅವಳ ಸೆರಗು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಹೋಗಬೇಡ, ಅವರು ನೋಡ್ತಾರೆ, ಹೋಗಬೇಡ," ಎನ್ನುತ್ತ ಮುದುಕಿ ಸೆರಗನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. ರಕ್ಷಣಾ ಗಾಡಿ ಬಂತು, ಟಾರ್ಚಮ್ಮ ಅದರಿಂದ ಜಿಗಿದಳು. ಕಾರಿನ ಮೂತಿ ಒಳಗೆ ಹೋಗಿತ್ತು, ಹೊಗೆಯೋ ಧೂಳೋ ಏನೋ ಏಳುತ್ತಿತ್ತು. ಟೇಲರಮ್ಮನ ಕಣ್ಣ ಮುಂದೆ ಇದ್ದದ್ದು ಕೆಂಪು ಬೆಲ್ಟಿನ ಎರಡು ತುಂಡು ಮಾತ್ರ.

ಆಮೇಲೆ ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಗ್ಲೌಸು ಹಾಕಿದ ಕೈ. ಹೆಬ್ಬೆರಳು ಮೇಲೆ.

ದಿಬ್ಬದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಟೇಲರಮ್ಮ ಚಪ್ಪಾಳೆ ಹೊಡೆಯಲಿಲ್ಲ, ಅತ್ತೆಯನ್ನು ತಬ್ಬಿಕೊಂಡು ನಿಂತುಬಿಟ್ಟಳು. ಅತ್ತೆ ಅಳುತ್ತಲೇ ಬೈದರು. "ಬ್ರೇಕ್ ಬೇಗ ಹಿಡಿಯೋ ಅಂತ ಬಡ್ಕೊಂಡೆ, ಕೇಳ್ತಾನಾ?"

ವೈದ್ಯರು ಅವನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿದರು. ಎರಡು ಹೆಗಲ ಮೇಲೆ ಬೆಲ್ಟಿನ ಅಗಲಕ್ಕೆ ನೀಲಿಗಟ್ಟಿದ ಎರಡು ಪಟ್ಟೆ, ಅಷ್ಟೇ. ಟೇಲರಮ್ಮ ಆ ಪಟ್ಟೆಗಳ ಮೇಲೆ ಮೆಲ್ಲಗೆ ಕೈಯಾಡಿಸಿದಳು.

ಸಂಜೆ ಕಾರನ್ನು ಲಾರಿಗೆ ಏರಿಸುವ ಮೊದಲು ಗಂಡ ನೀಲಿ ಬೆಲ್ಟು ಬಿಚ್ಚಿ, ಧೂಳು ಕೊಡವಿ, ಸುತ್ತಿ ಇಡತೊಡಗಿದ. "ಸದ್ಯ, ಇದಕ್ಕೊಂದು ಗೀರೂ ಬಿದ್ದಿಲ್ಲ. ನಿನ್ನೆ ತಾನೇ ತಂದಿದ್ದು, ಹೊಸಾದೇ ಇದೆ. ಕಾರು ರಿಪೇರಿಯಾದ್ರೆ ಮುಂದಿನ ರೇಸಿಗೆ..."

ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು.

"ಅಕ್ಕಾ," ಎಂದು ಟಾರ್ಚಮ್ಮನ ಕಡೆ ತಿರುಗಿದಳು, "ನಿಮ್ಮ ಗಾಡಿಯಲ್ಲಿ ಕತ್ತರಿ ಇದೆಯಾ?"

"ಲೇ ಇವಳೇ! ಒಂದೇ ದಿನ ಹಾಕಿರೋ ಬೆಲ್ಟು ಕಣೇ! ಎರಡು ಟೈರಿನ ದುಡ್ಡು!"

"ಹೌದು. ಒಂದೇ ಸಲ ಕೆಲಸ ಮಾಡೋದು ಅಂದಿದ್ರಲ್ಲ ಅಕ್ಕ. ಮಾಡ್ತು. ನಿಮ್ಮನ್ನ ನನಗೆ ವಾಪಸ್ ಕೊಡ್ತು. ಇನ್ನು ಇದರ ಹತ್ರ ಏನೂ ಕೇಳಬೇಡಿ. ಇದನ್ನ ಇಟ್ಕೊಂಡ್ರೆ ನಿಮಗೆ ಆಸೆಯಾಗುತ್ತೆ. ನನಗೂ ಆಗುತ್ತೆ."

ರಕ್ಷಣಾ ಗಾಡಿಯ ದಪ್ಪ ಕತ್ತರಿ ಬಂತು. ಟೇಲರಮ್ಮ ನೆಲದ ಮೇಲೆ ಕೂತು ಬೆಲ್ಟನ್ನು ಮಡಿಲಲ್ಲಿ ಹರಡಿಕೊಂಡಳು. ಇಪ್ಪತ್ತು ವರ್ಷದಲ್ಲಿ ಅವಳು ಒಂದು ಒಳ್ಳೆಯ ಬಟ್ಟೆಯನ್ನು ಸುಮ್ಮನೆ ಕತ್ತರಿಸಿದವಳಲ್ಲ. ಆರು ಪಟ್ಟಿಗಳನ್ನೂ ಒಂದೊಂದಾಗಿ, ಅಡ್ಡಕ್ಕೆ, ಯಾರೂ ಯಾವತ್ತೂ ಜೋಡಿಸಲಾಗದ ಹಾಗೆ ತುಂಡು ಮಾಡಿದಳು. ಅಕ್ಕಪಕ್ಕದ ಕಾರಿನವರೆಲ್ಲ ಬಂದು ಸುತ್ತ ನಿಂತಿದ್ದರು. ಡೈರಿಯವನೂ ಇದ್ದ. ಅವನು ಹೋಗಿ ತನ್ನ ಕಾರಿನ ಬೆಲ್ಟಿನ ಚೀಟಿ ತಿರುಗಿಸಿ ನೋಡತೊಡಗಿದ.

ಆ ವರ್ಷದ ಕೊನೆಯ ರೇಸಿಗೆ ಅವರ ಕಾರು ಹೋಗಲಿಲ್ಲ. ಗಂಡ ಏಳನೆಯ ತಿರುವಿನಲ್ಲಿ ಬಾವುಟ ಹಿಡಿದು ನಿಂತಿದ್ದ, ಪಕ್ಕದಲ್ಲಿ ಹೆಂಡತಿ. ಮುಂದಿನ ವರ್ಷಕ್ಕೆ ಮೊದಲು ಬೆಲ್ಟು, ಆಮೇಲೆ ಉಳಿದರೆ ಟೈರು. ಈ ತೀರ್ಮಾನ ಮನೆಯಲ್ಲಿ ಮೂರು ಜನವೂ ಒಪ್ಪಿ ಮಾಡಿದ್ದು.

ಓದುತ್ತಿರುವವರೇ, ನಿಮಗೂ ಬೆಟ್ಟ ಹತ್ತುವ ಆಸೆಯಿದ್ದರೆ ಖಂಡಿತ ಹತ್ತಿ. ಆದರೆ ಮುಚ್ಚಿದ ರಸ್ತೆಯಲ್ಲಿ, ಕ್ಲಬ್ಬಿನವರ ಕಣ್ಣೆದುರು ಹತ್ತಿ. ಜನ ಓಡಾಡುವ ರಸ್ತೆ ನಿಮ್ಮ ಆಟಕ್ಕಲ್ಲ. ಕೈಯಲ್ಲಿರುವ ದುಡ್ಡಲ್ಲಿ ಮೊದಲು ಹೆಲ್ಮೆಟ್ಟು, ಬೆಲ್ಟು, ಬೆಂಕಿ ಆರಿಸುವ ಸಿಲಿಂಡರು. ಉಳಿದರೆ ವೇಗ. ಒಮ್ಮೆ ಗುದ್ದಿಸಿಕೊಂಡ ಬೆಲ್ಟನ್ನೂ ಹೆಲ್ಮೆಟ್ಟನ್ನೂ ಮಾರಬೇಡಿ, ಕೊಳ್ಳಬೇಡಿ, ಸ್ನೇಹಿತರಿಗೆ ದಾನವನ್ನೂ ಮಾಡಬೇಡಿ. ಹೊಲಿಗೆ, ಬ್ಲೀಚಿಂಗ್, ಬಣ್ಣ ಯಾವುದೂ ಬೇಡ. ತಪಾಸಣೆ ಮಾಡುವವರು ಬೇಡ ಎಂದರೆ ಜಗಳಕ್ಕೆ ಹೋಗದೆ, ಯಾಕೆಂದು ಕೇಳಿ ತಿಳಿದುಕೊಳ್ಳಿ. ಇನ್ನು ಮನೆಯಲ್ಲಿ ಕಾಯುತ್ತ ಕೂರುವವರೇ, ಗಂಡನೋ ಮಗಳೋ ತಮ್ಮನೋ ಈ ಭಾನುವಾರ ಹೊರಟಿದ್ದರೆ ಸುಮ್ಮನೆ ಬೈದು ಕಳಿಸಬೇಡಿ. ಎದ್ದು ಕಾರಿನ ಹತ್ತಿರ ಹೋಗಿ, ಬೆಲ್ಟಿನ ತುದಿಯಲ್ಲಿರುವ ಚೀಟಿ ತಿರುಗಿಸಿ, ಇಸವಿ ಓದಿ. ಅವಧಿ ಮುಗಿದಿದ್ದರೆ ಕತ್ತರಿ ನಿಮ್ಮ ಕೈಗೆ ಬರಲಿ.